ಗುಡ್ಡೆ ಹತ್ತಿಸಿದ ಜೀಪನ್ನು ಇಳಿಸುವುದು ಹೇಗೆ?

ರಜೆ ಬಂತೆಂದರೆ ನಮ್ಮ ಕಾಸರಗೋಡಿನ ಧರ್ಮತ್ತಡ್ಕ, ಬಾಯಾರು ಕಡೆಯ ಗುಡ್ಡೆಗಳಲ್ಲಿ ಹೊಸ ಥಾರ್, ಜಿಮ್ನಿ ಜೀಪುಗಳ ಸದ್ದು. ಹುಡುಗರು ಹೇಗೋ ಮೇಲೆ ಹತ್ತಿಸಿಬಿಡುತ್ತಾರೆ. ಎಡವಟ್ಟಾಗುವುದು ಇಳಿಯುವಾಗ. ಕಲಿಯುವವರು ಇಳಿಯುವುದನ್ನೇ ಮೊದಲು ಕಲಿಯಬೇಕೆಂದು ನಾನು ಹಟ ಹಿಡಿಯುವುದು ಅದಕ್ಕೇ.

ಮೊದಲು ಜಾಗ. ತೋಟಕ್ಕೆ ಗೊಬ್ಬರ ಸಾಗಿಸುವ ಹಳೆಯ ಮಣ್ಣುದಾರಿ ಸಾಕು, ಜಾಗದವರ ಒಪ್ಪಿಗೆ ಬೇಕು. ರಾಣಿಪುರಂ ಬೆಟ್ಟ ಅರಣ್ಯ ಇಲಾಖೆಯ ಚಾರಣದ ಜಾಗ, ಅಲ್ಲಿ ಜೀಪಿನ ಯೋಚನೆಯೇ ಬೇಡ. ಸುಮಾರು 1,060 ಅಡಿ ಎತ್ತರದ ಪೊಸಡಿಗುಂಪೆಯ ನೆತ್ತಿಗೂ ನಡೆದೇ ಹೋಗಿ. ಚಕ್ರ ಹರಿದ ಹುಲ್ಲುಗಾವಲು ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ.

ಕಾಲ ದೀಪಾವಳಿಯ ನಂತರದ್ದು. ಮಳೆಗಾಲದಲ್ಲಿ ಮುರಕಲ್ಲಿನ (ಇಲ್ಲಿಯ ಕೆಂಪುಕಲ್ಲು) ಮೇಲೆ ಪಾಚಿ. ಫೆಬ್ರವರಿ ಕಳೆದರೆ ಮುಳಿಹುಲ್ಲು ಒಣಗಿ ನಿಂತಿರುತ್ತದೆ, ಕಾದ ಸೈಲೆನ್ಸರ್ ತಗಲಿದರೆ ಇಡೀ ಗುಡ್ಡೆಗೆ ಬೆಂಕಿ.

ಇನ್ನು, ದಾರಿಯನ್ನು ಪೂರ್ತಿ ನಡೆದು ನೋಡದೆ ಜೀಪು ಸ್ಟಾರ್ಟ್ ಮಾಡಬೇಡಿ. ನಮ್ಮ ಗುಡ್ಡೆಗಳಲ್ಲಿ ಕಲ್ಲು ಕಡಿದು ಬಿಟ್ಟ ಕೋರೆಗಳಿವೆ. ಅಂಚು ಗೋಡೆಯಂತೆ ನೇರ, ಆದರೆ ಹುಲ್ಲು ಮುಚ್ಚಿರುವುದರಿಂದ ಸ್ಟೀರಿಂಗಿನ ಹಿಂದೆ ಕುಳಿತವರಿಗೆ ಕಾಣುವುದಿಲ್ಲ. ನೀರಿಗಾಗಿ ಕೊರೆದ ಸುರಂಗಗಳೂ ಇವೆ. ಅವುಗಳ ಮೇಲೆ ಮಣ್ಣು ಎಷ್ಟು ದಪ್ಪವಿದೆಯೆಂದು ಮೇಲಿನಿಂದ ತಿಳಿಯದು. ಅಲ್ಲಿಯ ಹಿರಿಯರೊಬ್ಬರನ್ನು ಕೇಳಿಯೇ ಮುಂದುವರಿಯಿರಿ.

ಟಯರಿನ ಗಾಳಿಯನ್ನು 32 ಪಿಎಸ್ಐಯಿಂದ 24ಕ್ಕೆ ಇಳಿಸಿ. ಇನ್ನೂ ಇಳಿಸಿದರೆ ಮುರಕಲ್ಲಿನ ಮೂಲೆ ಟಯರಿನ ಬದಿಯನ್ನು ಸೀಳುತ್ತದೆ.

ಹತ್ತುವಾಗ, ನಾಲ್ಕೂ ಚಕ್ರಗಳಿಗೆ ನಿಧಾನವಾಗಿ ಹೆಚ್ಚು ಬಲ ಕೊಡುವ ಫೋರ್‌ ಎಲ್‌ಗೆ ಹಾಕಿ ನೇರವಾಗಿ ಹೋಗಿ. ಅರ್ಧದಲ್ಲಿ ನಿಂತುಹೋದರೆ ತಿರುಗಿಸಬೇಡಿ. ಅಡ್ಡ ನಿಂತ ಜೀಪು ಉರುಳುತ್ತದೆ. ರಿವರ್ಸ್ ಗಿಯರಿನಲ್ಲಿ, ಬಂದ ದಾರಿಯಲ್ಲೇ ಹಿಂದೆ ಬನ್ನಿ.

ಈಗ ಇಳಿಜಾರು. ಮೇಲೆ ಸಮತಟ್ಟಿನಲ್ಲೇ ನಿಲ್ಲಿಸಿ ಫೋರ್‌ ಎಲ್, ಒಂದನೇ ಗಿಯರ್ ಹಾಕಿ. ಕ್ಲಚ್ ಪೂರ್ತಿ ಬಿಟ್ಟು ಎಡಗಾಲನ್ನು ಪೆಡಲಿನಿಂದ ದೂರ, ನೆಲದ ಮೇಲೆ ಊರಿ. ಬಲಗಾಲು ಬ್ರೇಕಿನ ಮೇಲೆ ಒತ್ತದೆ ಇರಲಿ. ಹೆಬ್ಬೆರಳುಗಳು ಸ್ಟೀರಿಂಗಿನ ಒಳಗೆ ಸಿಕ್ಕಿಕೊಂಡಿರಬಾರದು, ಚಕ್ರ ಕಲ್ಲಿಗೆ ಬಡಿದರೆ ಸ್ಟೀರಿಂಗ್ ತಿರುಗಿ ಬೆರಳು ಮುರಿಯುತ್ತದೆ. ಅಂಚಿಗೆ ಬಂದಾಗ ಬಾನೆಟ್ಟು ದಾರಿಯನ್ನು ಮುಚ್ಚಿ ಬರೀ ಆಕಾಶ ಕಾಣುತ್ತದೆ. ಹೆದರಿಕೆ ಹುಟ್ಟುವುದು ಆ ಕ್ಷಣದಲ್ಲಿ. ಕೆಳಗೆ, ದಾರಿಯಿಂದ ಬದಿಗೆ ನಿಂತು ಕೈಸನ್ನೆ ಮಾಡುವವರೊಬ್ಬರು ಇರಲೇಬೇಕು.

ಹೆದರಿದ ಕಾಲು ಅಭ್ಯಾಸಬಲದಿಂದ ಕ್ಲಚ್ಚಿಗೆ ಹೋಗುತ್ತದೆ. ಕ್ಲಚ್ ಒತ್ತಿದರೆ ಎಂಜಿನ್ನಿನ ಹಿಡಿತ ತಪ್ಪಿ ಜೀಪು ತನ್ನ ಭಾರಕ್ಕೆ ಓಡುತ್ತದೆ. ಆಗ ಗಾಬರಿಯಲ್ಲಿ ಬ್ರೇಕ್ ತುಳಿಯುತ್ತಾರೆ. ಚಕ್ರ ಕಚ್ಚಿ ನಿಲ್ಲುತ್ತದೆ, ಆದರೆ ಜೀಪು ನಿಲ್ಲುವುದಿಲ್ಲ. ಅಡಿಯ ಚರಳುಕಲ್ಲು ಗೋಲಿಗಳಂತೆ ಉರುಳಿ ಅದನ್ನು ಹೊತ್ತೊಯ್ಯುತ್ತದೆ. ನನ್ನ ಅಕ್ಕನ ಮಗನ ಜೀಪು ಹೀಗೆ ಜಾರಿ, ಹಿಂಭಾಗ ಪಕ್ಕಕ್ಕೆ ತಿರುಗಿ ಗೇರುಮರಕ್ಕೆ ಒರಗಿ ನಿಂತಿತು. ಕೆಂಪು ಮಣ್ಣಿನಲ್ಲಿ ಚಕ್ರಗಳ ಗೀರು ನೇರವಾಗಿ ಬಂದು, ಕೊನೆಗೆ ಕೊಕ್ಕೆಯಂತೆ ಬಾಗಿತ್ತು. ಆ ಮರ ಇಲ್ಲದಿದ್ದರೆ ಮುಂದೆ ತೋಡು (ಹಳ್ಳ).

ಹಾಗೆ ಜಾರತೊಡಗಿದರೆ ಬ್ರೇಕ್ ಬಿಡಿ. ಮೂತಿಯನ್ನು ನೇರ ಇಳಿಜಾರಿನತ್ತ ತಿರುಗಿಸಿ, ಎಕ್ಸಿಲರೇಟರನ್ನು ಒಂದಿಷ್ಟೇ ಮುಟ್ಟಿ. ಚಕ್ರ ಉರುಳಿದರೆ ಮಾತ್ರ ಸ್ಟೀರಿಂಗ್ ಮಾತು ಕೇಳುತ್ತದೆ. ಬೀಳುತ್ತಿರುವಾಗ ಎಕ್ಸಿಲರೇಟರ್ ಒತ್ತಲು ಮನಸ್ಸು ಒಪ್ಪುವುದಿಲ್ಲ, ಆದ್ದರಿಂದ ಆಳೆತ್ತರದ ದಿಣ್ಣೆಯಲ್ಲಿ ಹತ್ತು ಸಲ ಇಳಿದು ಕಾಲಿಗೆ ಕಲಿಸಿ. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ಲಿನಲ್ಲಿ ಇಳಿಸಿ ಎನ್ನುವವರ ಮಾತು ಕೇಳಲೇಬೇಡಿ. ಎಂಜಿನ್ ಆಫ್ ಮಾಡುವುದಂತೂ ಇನ್ನೂ ಅಪಾಯ: ಸ್ಟೀರಿಂಗ್ ಬಿಗಿಯುತ್ತದೆ, ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕೂ ಕಲ್ಲಾಗುತ್ತದೆ.

ಸಿಕ್ಕಿಬಿದ್ದ ಜೀಪನ್ನು ಎಳೆಯುವ ಹಗ್ಗದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ತುದಿಗೆ ಕಬ್ಬಿಣದ ಕೊಕ್ಕೆಯಿರುವ ಅಗ್ಗದ ನೈಲಾನ್ ಹಗ್ಗ ಕೊಳ್ಳಬೇಡಿ. ನಾನು ಕೊಂಡದ್ದು ಮೊದಲ ಎಳೆತಕ್ಕೇ ತುಂಡಾಗಿ, ಕೊಕ್ಕೆ ಹಾರಿ ಹಿಂದಿನ ಗಾಜು ಒಡೆಯಿತು. ಅಗಲ ಪಟ್ಟಿಯ ಬೆಲ್ಟು, ತಾಳುವ ತೂಕ ಬರೆದಿರುವ ಶ್ಯಾಕಲ್ (ಬೆಲ್ಟನ್ನು ಜೀಪಿಗೆ ಸಿಕ್ಕಿಸುವ ಕೊಂಡಿ) ತಗೊಳ್ಳಿ. ಎಳೆಯುವಾಗ ಯಾರೂ ಹತ್ತಿರ ನಿಲ್ಲಬಾರದು.

ಡಾಂಬರು ರಸ್ತೆಗೆ ಬರುವ ಮೊದಲು ಟಯರಿಗೆ ಮತ್ತೆ ಗಾಳಿ ತುಂಬಿಸಿ. ಜಾಗದವರ ಗೇಟನ್ನು ಇಳಿದು ಮುಚ್ಚಿ ಬನ್ನಿ, ಒಳಗೆ ದನಗಳು ಮೇಯುತ್ತಿರುತ್ತವೆ.