ಹಾವು ಕಚ್ಚಿ ಬಂದವರನ್ನು ವಾರ್ಡಿನಲ್ಲಿ ನೋಡಿಕೊಳ್ಳುವ ಬಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ತೋಟದ ಕೆಲಸ ಇರುವಷ್ಟು ದಿನ ಹಾವು ಕಚ್ಚಿದವರು ಬರುತ್ತಲೇ ಇರುತ್ತಾರೆ. ಔಷಧ ಬರೆಯುವವರು ಡಾಕ್ಟರು. ಆದರೆ ಅದು ಕೆಲಸ ಮಾಡುತ್ತಿದೆಯೋ, ತಿರುಗಿಬಿದ್ದಿದೆಯೋ ಎಂದು ಮೊದಲು ಕಾಣುವುದು ಹಾಸಿಗೆ ಪಕ್ಕ ನಿಂತ ನರ್ಸಿಗೆ.

ಕಾಲಿಗೆ ಹಗ್ಗವನ್ನೋ ಟವೆಲನ್ನೋ ಬಿಗಿದುಕೊಂಡು ಬಂದಿದ್ದರೆ ಅವಸರದಲ್ಲಿ ಬಿಚ್ಚುವುದಿಲ್ಲ. ಕಟ್ಟಿನ ಕೆಳಗೆ ನಿಂತಿದ್ದ ವಿಷ ಒಮ್ಮೆಲೇ ಮೈಗೇರಬಹುದು. ರಕ್ತನಾಳಕ್ಕೆ ಕ್ಯಾನುಲಾ (ಔಷಧ ಹರಿಸುವ ಸಣ್ಣ ನಳಿಕೆ) ಹಾಕಿ, ಡಾಕ್ಟರು ಹತ್ತಿರ ಬಂದ ಮೇಲೆಯೇ ಸಡಿಲಿಸುತ್ತೇನೆ. ಉಂಗುರ, ಕಾಲುಂಗುರ, ಬಳೆಗಳನ್ನು ಮಾತ್ರ ಆಗಲೇ ತೆಗೆಸುತ್ತೇನೆ. ಬಾವು ಎಲ್ಲಿಯವರೆಗೆ ಏರಿದೆ ಎಂದು ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲೇ ಗಂಟೆ ಬರೆಯುತ್ತೇನೆ.

ನಂತರ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. 2 ಮಿ.ಲೀ. ರಕ್ತವನ್ನು ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡದ ಜಾಗದಲ್ಲಿ 20 ನಿಮಿಷ ಬಿಟ್ಟು, ಒಂದೇ ಸಲ ಬಾಗಿಸಿ ನೋಡುವುದು. ಹರಿದರೆ ರಕ್ತ ಹೆಪ್ಪುಗಟ್ಟುತ್ತಿಲ್ಲ, ಮಂಡಲದ ಜಾತಿಯ ವಿಷ ಏರಿದೆ ಎಂದರ್ಥ. ಇಷ್ಟು ಸರಳವಾದ ಪರೀಕ್ಷೆ ಕೆಡುವುದು ಟ್ಯೂಬಿನಿಂದಲೇ. ಪ್ಲಾಸ್ಟಿಕ್ ಆಗಬಾರದು, ಸೋಪಿನಲ್ಲಿ ತೊಳೆದದ್ದೂ ಆಗಬಾರದು. ಹೆಪ್ಪುಗಟ್ಟುವುದಕ್ಕೆ ಚಾಲನೆ ಕೊಡುವುದೇ ಗಾಜಿನ ಮೈ. ಅದರ ಮೇಲೆ ಸೋಪಿನ ಅಂಶ ಉಳಿದಿದ್ದರೆ ಒಳ್ಳೆಯ ರಕ್ತವೂ ನೀರಾಗಿಯೇ ಇರುತ್ತದೆ. ಮಧ್ಯೆ ಎತ್ತಿ ಅಲ್ಲಾಡಿಸಿದರೂ ಫಲಿತಾಂಶ ನಂಬುವ ಹಾಗಿಲ್ಲ. ಅನುಮಾನ ಬಂದರೆ ಜೊತೆಗೆ ಬಂದ ಆರೋಗ್ಯವಂತರ ರಕ್ತವನ್ನು ಇನ್ನೊಂದು ಟ್ಯೂಬಿಗೆ ಹಾಕಿ ಹೋಲಿಸುತ್ತೇನೆ. ಮಳೆಗಾಲದಲ್ಲಿ ಕಾಲಿನಿಂದ ರಕ್ತ ಜಿನುಗುತ್ತಿದ್ದರೆ ಅದು ಉಂಬಳ ಕಚ್ಚಿದ ಗಾಯವೂ ಇರಬಹುದು. ಅದಕ್ಕೇ ಗಾಯಕ್ಕಿಂತ ಟ್ಯೂಬಿನ ಮೇಲೆ ನನಗೆ ನಂಬಿಕೆ ಹೆಚ್ಚು.

ಕಟ್ಟುಹಾವಿನ ವಿಷಯ ಬೇರೆ. ನೆಲದಲ್ಲಿ ಮಲಗಿದವರಿಗೆ ರಾತ್ರಿ ಕಚ್ಚುತ್ತದೆ. ಗುರುತೂ ಸಿಗದು, ಬಾವೂ ಇರದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಬಂದವರ ರೆಪ್ಪೆ ಜೋತುಬೀಳುತ್ತಿದ್ದರೆ ತಕ್ಷಣ ಡಾಕ್ಟರನ್ನು ಕರೆಯುತ್ತೇನೆ. "ಅಣ್ಣಾ, ಒಂದೇ ಉಸಿರಿನಲ್ಲಿ ಎಷ್ಟು ಎಣಿಸ್ತೀರಿ, ಎಣಿಸಿ" ಎಂದು ಮತ್ತೆ ಮತ್ತೆ ಕೇಳುತ್ತೇನೆ. ಎಣಿಕೆ ಇಳಿಯುತ್ತಾ ಬಂದರೆ ಉಸಿರಾಟದ ಸ್ನಾಯು ಸೋಲುತ್ತಿದೆ ಎಂದೇ ಲೆಕ್ಕ. ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ತಲೆದಿಂಬಿನ ಹತ್ತಿರವೇ ಇರಬೇಕು.

ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ಅಂದರೆ ಎಎಸ್‌ವಿ, ಪುಡಿಯಾಗಿ ಬರುತ್ತದೆ. ಒಂದು ವಯಲಿಗೆ (ಔಷಧದ ಪುಟ್ಟ ಸೀಸೆಗೆ) 10 ಮಿ.ಲೀ. ಇಂಜೆಕ್ಷನ್ ನೀರು ಹಾಕಿ, ಅಂಗೈಯಲ್ಲಿಟ್ಟು ನಿಧಾನವಾಗಿ ತಿರುಗಿಸಬೇಕು. ಕುಲುಕಿದರೆ ನೊರೆ ಬಂದು ಔಷಧ ಹಾಳು. ಹತ್ತು ವಯಲ್ ಕರಗಿಸಲು ಒಬ್ಬರೇ ಕೂತರೆ ತುಂಬ ಹೊತ್ತು ಹಿಡಿಯುತ್ತದೆ. ಇನ್ನೊಬ್ಬ ಸಿಸ್ಟರನ್ನು ಕರೆದುಕೊಳ್ಳುವುದು ಒಳ್ಳೆಯದು. ದೊಡ್ಡವರಿಗೆ ಸಲೈನಿನಲ್ಲಿ ಸೇರಿಸಿ ಸುಮಾರು ಒಂದು ಗಂಟೆಯಲ್ಲಿ ಹರಿಸುತ್ತೇವೆ. ಮಕ್ಕಳಿಗೂ ಅಷ್ಟೇ ವಯಲ್, ಏಕೆಂದರೆ ಹಾವು ಬಿಟ್ಟ ವಿಷ ಮಗುವೆಂದು ಕಡಿಮೆಯಾಗುವುದಿಲ್ಲ. ಕಡಿಮೆ ಮಾಡುವುದು ಸಲೈನ್ ಮಾತ್ರ. ಟೆಸ್ಟ್ ಡೋಸ್ ಕೊಡುವುದಿಲ್ಲ, ಅದರಿಂದ ರಿಯಾಕ್ಷನ್ ಮುಂಚೆ ತಿಳಿಯುವುದಿಲ್ಲ.

ರಿಯಾಕ್ಷನ್ ಆದರೆ ಕೊಡಲೆಂದು ಡ್ರಿಪ್ ಶುರುವಾಗುವ ಮೊದಲೇ, ದೊಡ್ಡವರಿಗಾದರೆ 0.5 ಮಿ.ಗ್ರಾಂ ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿ, ಹೆಸರು ಬರೆದು, ಟ್ರೇಯಲ್ಲಿ ಇಡುತ್ತೇನೆ. ಮೊದಲ ಅರ್ಧ ಗಂಟೆ ಐದೈದು ನಿಮಿಷಕ್ಕೆ ನಾಡಿ, ಬಿಪಿ, ಉಸಿರು. ತುರಿಕೆ, ದದ್ದು, ನಡುಕ, ಕೆಮ್ಮು, ವಾಂತಿ ಯಾವುದೊಂದು ಕಂಡರೂ ಡ್ರಿಪ್ ನಿಲ್ಲಿಸಿ, ಡಾಕ್ಟರಿಗೆ ಕೂಗಿ ಹೇಳಿ, ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್. "ಸ್ವಲ್ಪ ತುರಿಕೆ ಅಷ್ಟೇ ಸಿಸ್ಟರ್" ಎನ್ನುವ ಮಾತಿಗೆ ಕಾಯುವಂತಿಲ್ಲ. ರಕ್ತ ಹೆಪ್ಪುಗಟ್ಟದವರಿಗೆ ಟಿಟಿಯಂಥ ಬೇರೆ ಸ್ನಾಯು ಇಂಜೆಕ್ಷನ್ ಸದ್ಯಕ್ಕೆ ಬೇಡ. ಚುಚ್ಚಿದಲ್ಲೆಲ್ಲ ರಕ್ತ ಗಂಟು ಕಟ್ಟುತ್ತದೆ.

ಆರು ಗಂಟೆ ಬಿಟ್ಟು ಮತ್ತೆ ಟ್ಯೂಬ್ ಪರೀಕ್ಷೆ. ಆಗಲೂ ಹೆಪ್ಪುಗಟ್ಟದಿದ್ದರೆ ಕಚ್ಚಿದ್ದು ಬೇರೆ ಹಾವೂ ಇರಬಹುದು. ನಮ್ಮ ತೋಟಗಳ ಗುಳಿಮಂಡಲಗಳಿಗೆ ಈ ಎಎಸ್‌ವಿ ನಾಟುವುದಿಲ್ಲ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಹಾಗಾಗಿ ಕಚ್ಚಿದ ಹಾವಿನ ಫೋಟೋ ಮೊಬೈಲಿನಲ್ಲಿದ್ದರೆ ಡಾಕ್ಟರಿಗೆ ತೋರಿಸುತ್ತೇನೆ. ಹಾವನ್ನು ಹುಡುಕಿ ಹೊಡೆದು ತರಲು ಮಾತ್ರ ಯಾರನ್ನೂ ಕಳಿಸುವುದಿಲ್ಲ. ಮೂತ್ರ ಗಂಟೆಗಂಟೆಗೆ ಅಳೆಯುತ್ತೇನೆ. ಕಡಿಮೆಯಾದರೆ, ಕಪ್ಪು ಬಣ್ಣಕ್ಕೆ ತಿರುಗಿದರೆ ಕಿಡ್ನಿಗೆ ತೊಂದರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸುವ ತಯಾರಿ ಮಾಡಬೇಕು.

108ರಲ್ಲಿ ಹತ್ತಿಸುವಾಗ ಚೀಟಿಯಲ್ಲಿ ಕಚ್ಚಿದ ಹೊತ್ತು, ಕೊಟ್ಟ ವಯಲ್ ಎಷ್ಟು, ಕೊನೆಯ ಟ್ಯೂಬ್ ಪರೀಕ್ಷೆಯ ಗಂಟೆ ಮತ್ತು ಫಲ, ರಿಯಾಕ್ಷನ್ ಆಗಿತ್ತೇ, ಮೂತ್ರದ ಅಳತೆ ಇಷ್ಟೂ ಇರಬೇಕು. ರೆಪ್ಪೆ ಜೋತಿದ್ದವರ ಜೊತೆ ಆಂಬು ಬ್ಯಾಗ್ ಒತ್ತಲು ಬರುವವರೊಬ್ಬರು ಹೋಗಲೇಬೇಕು.