ದನ ಜೊಲ್ಲು ಸುರಿಸುತ್ತಿದೆಯಾ? ಬಾಯಿಗೆ ಕೈ ಹಾಕಬೇಡಿ

ದನ ಮೇವು ಬಿಟ್ಟು ಜೊಲ್ಲು ಸುರಿಸಿದರೆ ನಮ್ಮ ಕಡೆ ಮೊದಲು ಬರುವ ಮಾತು, "ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ, ನೋಡು ಮಾರಾಯ." ಒಬ್ಬರು ಮೂಗುದಾರ ಹಿಡಿಯುತ್ತಾರೆ, ಇನ್ನೊಬ್ಬರು ಮೊಣಕೈವರೆಗೆ ಕೈ ತೂರಿಸುತ್ತಾರೆ. ತೀರ್ಥಹಳ್ಳಿ ಕಡೆಯ ನೆಂಟರ ಕೊಟ್ಟಿಗೆಯಲ್ಲಿ ಹೀಗೇ ಹಲಸಿನ ಬೀಜ ಹುಡುಕಿದರು. ಬೀಜ ಸಿಗಲಿಲ್ಲ. ಮೂರನೇ ದಿನ ಮಲೆನಾಡು ಗಿಡ್ಡ ತಳಿಯ ಆ ದನ ಸತ್ತಿತು, ಕೈ ಹಾಕಿದವರೆಲ್ಲ ಚುಚ್ಚುಮದ್ದಿಗೆ ಓಡಿದರು. ಅದು ರೇಬಿಸ್.

ಹಂತ 1: ದನಕ್ಕೆ ನಾಯಿ ಕಚ್ಚಿದ್ದು ಕಂಡರೆ

ಗಾಯವನ್ನು ಸೋಪು ಹಾಕಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಈ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇದೆ, ಸೋಪು ಅದನ್ನು ಕರಗಿಸುತ್ತದೆ. ಅಗ್ಗದ ಬಟ್ಟೆ ಸೋಪೇ ಸಾಕು. ಸುಣ್ಣ, ಮೆಣಸಿನಪುಡಿ ಮೆತ್ತಬೇಡಿ. ಅದೇ ದಿನ ಪಶುವೈದ್ಯರಿಂದ ಲಸಿಕೆ ಶುರು ಮಾಡಿಸಿ. ಸಾಮಾನ್ಯವಾಗಿ 0, 3, 7, 14, 28ನೇ ದಿನ ಕೊಡುತ್ತಾರೆ. ಎರಡು ಹಾಕಿಸಿ ಸುಮ್ನಾಗುವವರೇ ಜಾಸ್ತಿ.

ಹಂತ 2: ಗುರುತು ಹಿಡಿಯುವುದು

ಎಡವುವುದು ಇಲ್ಲೇ. ಬ್ಯಾಣದಲ್ಲಿ ಮೇಯುವ ದನವನ್ನು ನಾಯಿ ಕಚ್ಚಿದ್ದು ಯಾರಿಗೂ ಗೊತ್ತಿರುವುದಿಲ್ಲ. ವೈರಸ್ ರಕ್ತದಲ್ಲಿ ಓಡಾಡುವುದಿಲ್ಲ, ನರ ಹಿಡಿದು ಮೆಲ್ಲಗೆ ಮಿದುಳಿಗೆ ಹತ್ತುತ್ತದೆ. ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ಗಾಯ ಮಾಗಿರುತ್ತದೆ.

ಮಿದುಳಿನಿಂದ ಅದು ಜೊಲ್ಲಿನ ಗ್ರಂಥಿಗೆ ಇಳಿಯುತ್ತದೆ. ಗಂಟಲಿನ ನರ ಸೋತು ದನಕ್ಕೆ ನುಂಗಲಾಗುವುದಿಲ್ಲ, ಜೊಲ್ಲು ನೂಲಿನಂತೆ ಇಳಿಯುತ್ತದೆ. ಏನೋ ಸಿಕ್ಕಿಕೊಂಡಂತೆ ಕಾಣುವುದು ಇದಕ್ಕೇ. ದನಿ ಒಡೆದು, ಬಿಡದೆ ಕೂಗುತ್ತದೆ. ಹಿಂಗಾಲು ಮಡಚಿಕೊಳ್ಳುತ್ತದೆ, ಸಗಣಿ ಬರದಿದ್ದರೂ ತಿಣುಕುತ್ತದೆ. ಹಾಯಲು ಬರುವ ದನವಷ್ಟೇ ಹುಚ್ಚು ಎಂದುಕೊಳ್ಳಬೇಡಿ. ಮೂಲೆಯಲ್ಲಿ ಮಂಕಾಗಿ ನಿಂತದ್ದಕ್ಕೂ ಇದೇ ಕಾಯಿಲೆ ಇರಬಹುದು. ಕಾಲುಬಾಯಿ ಜ್ವರದಲ್ಲೂ ಜೊಲ್ಲು ಬರುತ್ತದೆ, ಬಾಯಲ್ಲಿ ಹುಣ್ಣಿರುತ್ತದೆ. ಹುಣ್ಣಿದೆಯೋ ಇಲ್ಲವೋ ಎಂದು ಬಾಯಿ ತೆರೆದು ನೋಡುವ ಕೆಲಸ ನಿಮ್ಮದಲ್ಲ.

ಗೊಟ್ಟದಲ್ಲಿ, ಅಂದರೆ ಮದ್ದು ಕುಡಿಸುವ ಬಿದಿರ ಕೊಳವೆಯಲ್ಲಿ, ಕಷಾಯ ಹಾಕುವುದಂತೂ ಬೇಡವೇ ಬೇಡ. ನುಂಗಲಾಗದ ದನಕ್ಕೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ, ನಿಮ್ಮ ಕೈ ತುಂಬ ಜೊಲ್ಲಾಗುತ್ತದೆ. "ಹುಚ್ಚಿಗೆ ಖಚಿತ ಮದ್ದು" ಎಂದು ಪೊಟ್ಟಣ ಮಾರುವವರಿಗೆ ದುಡ್ಡು ಕೊಡಬೇಡಿ. ಲಕ್ಷಣ ಶುರುವಾದ ದನ ಉಳಿಯುವುದಿಲ್ಲ.

ವಾಟ್ಸಾಪಿನಲ್ಲಿ ಇದನ್ನೇ ಬ್ರಿಟನ್ನಿನ ಹುಚ್ಚು ಹಸು ರೋಗ ಅನ್ನುವವರಿದ್ದಾರೆ. ಅದು ಬೇರೆ. 1986ರಲ್ಲಿ ಅಲ್ಲಿ ಪತ್ತೆಯಾದ ಆ ರೋಗಕ್ಕೆ ಕಾರಣ ವೈರಸ್ ಅಲ್ಲ, ಪ್ರಿಯಾನ್ ಎಂಬ ಅಡ್ಡಾದಿಡ್ಡಿ ಮಡಚಿದ ಪ್ರೋಟೀನು. ಸತ್ತ ಪ್ರಾಣಿಗಳ ಮಾಂಸ, ಮೂಳೆಯ ಹಿಂಡಿ ತಿಂದ ದನಗಳಿಗೆ ಬಂತು. ಅದರಲ್ಲಿ ಮಿದುಳು ವರ್ಷಗಟ್ಟಲೆ ಸವೆದು ಸ್ಪಂಜಿನಂತೆ ತೂತಾಗುತ್ತದೆ. ರೇಬಿಸ್ ಹಾಗಲ್ಲ. ಬರಿಗಣ್ಣಿಗೆ ಮಿದುಳು ಹೆಚ್ಚುಕಮ್ಮಿ ಸರಿಯಾಗೇ ಕಾಣುತ್ತದೆ, ಆದರೆ ಕೆಲಸ ಕೆಟ್ಟಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನರಕೋಶದೊಳಗೆ ಪುಟ್ಟ ಚುಕ್ಕಿಗಳು ಕಾಣಬಹುದು. 1903ರಲ್ಲಿ ಅವನ್ನು ಕಂಡ ಇಟಲಿಯ ವೈದ್ಯ ನೆಗ್ರಿಯ ಹೆಸರೇ ಅವಕ್ಕೆ ಉಳಿದಿದೆ.

ಹಂತ 3: ಕಟ್ಟಿ, ಫೋನ್ ಮಾಡಿ

ಗಟ್ಟಿ ಹಗ್ಗದಲ್ಲಿ ಬೇರೆ ಕಟ್ಟಿ, ಮಕ್ಕಳನ್ನು ದೂರ ಇಡಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಹಾಲು ಕರೆಯಬೇಡಿ. ಕಾಯಿಸಿದ ಹಾಲಿನ ಕಾಫಿ ಕುಡಿದವರು ಹೆದರಬೇಕಿಲ್ಲ. ಹಸಿಹಾಲು ಕುಡಿದವರು ಡಾಕ್ಟರಿಗೆ ಹೇಳಿ.

ಹಂತ 4: ಜೊಲ್ಲು ತಾಗಿದವರು

ಅಡಿಕೆ ಸುಲಿಯುವವರ ಬೆರಳಲ್ಲಿ ಗೀರಿಲ್ಲದ ದಿನ ಉಂಟಾ? ಅಂಥ ಕೈಗೆ, ಕಣ್ಣಿಗೆ, ಬಾಯಿಗೆ ಜೊಲ್ಲು ತಾಗಿದ್ದರೆ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು, ಬೇಕಾ ಎಂದು ನೀವಾಗಿಯೇ ಕೇಳಿ.

ಹಂತ 5: ಸತ್ತ ಮೇಲೆ

ಚರ್ಮ ಸುಲಿಯಬೇಡಿ, ತಲೆ ಕಡಿಯಬೇಡಿ. ಮಿದುಳಿನ ಮಾದರಿ ಬೇಕಿದ್ದರೆ ವೈದ್ಯರೇ ತೆಗೆಯುತ್ತಾರೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಇದನ್ನು ಪರೀಕ್ಷಿಸುವ ಪ್ರಯೋಗಾಲಯ ಇದೆ. ಬಾವಿ, ಹಳ್ಳದಿಂದ ದೂರ, ನಾಯಿ ಕೆದಕಲಾಗದಷ್ಟು ಆಳಕ್ಕೆ, ಸುಣ್ಣ ಹಾಕಿ ಹೂಳಿ. ಹೋಟೆಲ್ಲಿನ ತೆಳು ಪ್ಲಾಸ್ಟಿಕ್ ಗ್ಲೌಸು ಹರಿಯುತ್ತದೆ, ದಪ್ಪ ರಬ್ಬರಿನದೇ ಇರಲಿ. ಹಗ್ಗ, ಮೂಗುದಾರ, ಯಾರಾದರೂ ಆಗಲೇ ಬಾಯಿಗಿಟ್ಟ ಗೊಟ್ಟ, ಎಲ್ಲ ಸುಟ್ಟುಬಿಡಿ.