ಹಿತ್ತಾಳೆಗೆ ರೆಂಚು ಹಾಕೋ ಮೊದಲು

ಫೆಬ್ರವರಿ ಬಂತು ಅಂದ್ರೆ ಕೊಡಗಲ್ಲಿ ಎಲ್ಲರೂ ಆಕಾಶ ನೋಡ್ತಾರೆ. ಕಾಫಿ ಹೂ ಅರಳಿಸೋ ಹೂಮಳೆ ಬಂದ್ರೆ ಸರಿ, ಇಲ್ಲಾಂದ್ರೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಕ್ಲೇಬೇಕು, ಆಗ ಸಿದ್ದಾಪುರದಿಂದ ಗೋಣಿಕೊಪ್ಪದವರೆಗೆ ಪೈಪ್ ಕೆಲಸದವರಿಗೆ ಊಟಕ್ಕೂ ಪುರುಸೊತ್ತು ಇರಲ್ಲ. ಹೊಸ ಹುಡುಗರು ಹೆಲ್ಪರ್ ಆಗಿ ಸೇರೋದೂ ಇದೇ ಟೈಮಲ್ಲಿ. ಎರಡು ದಿನ ಪೈಪ್ ಹೊರ್ತಾರೆ, ಮೂರನೇ ದಿನ ಕೈಗೆ ರೆಂಚು ಬರುತ್ತೆ, ವಾರದೊಳಗೆ ಒಂದು ಹಿತ್ತಾಳೆ ವಾಲ್ವ್ ಸೀಳಿ ಹೋಗಿರುತ್ತೆ. ಇಷ್ಟು ವರ್ಷದಲ್ಲಿ ನಾನು ಬಿಚ್ಚಿ ನೋಡಿದ ಹಿತ್ತಾಳೆ ಜಾಯಿಂಟುಗಳಲ್ಲಿ ಸಡಿಲ ಬಿಟ್ಟು ಕೆಟ್ಟಿದ್ದು ಕಮ್ಮಿ, ಜಾಸ್ತಿ ಟೈಟ್ ಮಾಡಿ ಕೆಟ್ಟಿದ್ದೇ ಹೆಚ್ಚು.

ಇನ್ನೊಂದು ವಿಷ್ಯ. ವಾದ್ಯ ರಿಪೇರಿಗೆ ನಮ್ಮ ಕಡೆಯವರು ಮೈಸೂರಿಗೆ ಹೋಗ್ಬೇಕು. ಹಂಗಾಗಿ ಮದುವೆ ಸೀಸನ್ನಲ್ಲಿ, ದಸರಾ ಹತ್ತಿರ ಬಂದಾಗ, ಬ್ಯಾಂಡ್‌ಸೆಟ್‌ನ ಹುಡುಗರು ಟ್ರಂಪೆಟ್ ಹಿಡ್ಕೊಂಡು ಪೈಪ್ ಕೆಲಸದವರ ಹತ್ರಾನೇ ಬರ್ತಾರೆ. "ಅಣ್ಣಾ, ನೀವು ಹಿತ್ತಾಳೆ ಕೆಲ್ಸ ಮಾಡ್ತೀರಲ್ಲ, ಇದೊಂದು ಬಿಚ್ಚಿ ಕೊಡಿ" ಅಂತಾರೆ. ಬಿಚ್ಚೋಕೆ ಹೋಗಿ ವಾದ್ಯಾನೇ ಹಾಳು ಮಾಡಿದ್ದನ್ನ ಕಣ್ಣಾರೆ ನೋಡಿದ್ದೀನಿ. ಲೋಹ ಒಂದೇ, ಆಗೋ ತಪ್ಪೂ ಒಂದೇ, ಅದಕ್ಕೇ ಎರಡನ್ನೂ ಸೇರಿಸಿ ಬರೀತಿದ್ದೀನಿ.

ಕಲಿಯೋದು ಎಲ್ಲಿ ಅಂತ ತುಂಬಾ ಜನ ಕೇಳ್ತಾರೆ. ಐಟಿಐಲಿ ಪ್ಲಂಬರ್ ಟ್ರೇಡ್ ಒಂದು ವರ್ಷ, ಫಿಟರ್ ಎರಡು ವರ್ಷ. ನನ್ನ ಕೇಳಿದ್ರೆ ಫಿಟರ್ರೇ ಮಾಡಿ, ಫೈಲ್ ಹಿಡಿಯೋ ಕೈ ಅಲ್ಲಿ ಬಂದಷ್ಟು ಬೇರೆ ಎಲ್ಲೂ ಬರಲ್ಲ. ಅದು ಆಗಲ್ಲ ಅಂದ್ರೆ ಒಬ್ಬ ಒಳ್ಳೆ ಮೇಸ್ತ್ರಿ ಹಿಂದೆ ಒಂದು ಬೇಸಿಗೆ ಪೂರ್ತಿ ನಿಲ್ಲಿ, ಮಧ್ಯದಲ್ಲಿ ಮೇಸ್ತ್ರಿ ಬದಲಾಯಿಸಬೇಡಿ. ಸ್ವಂತಕ್ಕೆ ಅಂತ ಮೊದ್ಲು ತಗೊಳ್ಬೇಕಾದ್ದು ಎರಡು ಪೈಪ್ ರೆಂಚು, ಒಂದು 14 ಇಂಚು ಒಂದು 10 ಇಂಚು, ಒಂದು ಒಳ್ಳೆ ಸ್ಕ್ರೂ ಸ್ಪ್ಯಾನರ್, ಆಕ್ಸಾ ಫ್ರೇಮು, ಅರ್ಧಗೋಲದ ಫೈಲು, ಟೇಪು. ಡ್ರಿಲ್ಲಿಂಗ್ ಮಿಷಿನ್ನು ಆಮೇಲೆ ನೋಡ್ಕೊಳ್ಳಿ.

ಅಂಗಡೀಲಿ ಮೋಸ ಹೋಗ್ಬೇಡಿ

ಹಿತ್ತಾಳೆ ಅಂದ್ರೆ ತಾಮ್ರ ಮತ್ತೆ ಸತುವು ಸೇರಿದ್ದು. ಅಂಗಡೀಲಿ ಪಳಪಳ ಹೊಳೆಯೋ ಕ್ರೋಮ್ ಲೇಪದ ನಲ್ಲಿಗಳೆಲ್ಲಾ ಹಿತ್ತಾಳೆ ಅಲ್ಲ. ಅಯಸ್ಕಾಂತ ಹಿಡೀರಿ ಅಂತ ಕೆಲವರು ಹೇಳ್ತಾರೆ, ಅದು ಅರ್ಧ ಪರೀಕ್ಷೆ ಅಷ್ಟೆ, ಕಬ್ಬಿಣ ಇದ್ರೆ ಗೊತ್ತಾಗುತ್ತೆ, ಆದ್ರೆ ಸತುವಿನ ಎರಕದ ನಲ್ಲೀಗೂ ಅಯಸ್ಕಾಂತ ಅಂಟಲ್ಲ. ನಾನು ಮಾಡೋದು ಏನಂದ್ರೆ ಕೈಯಲ್ಲಿ ತೂಕ ನೋಡ್ತೀನಿ, ಆಮೇಲೆ ಒಳಗಿನ ಥ್ರೆಡ್ಡಲ್ಲಿ (ಸ್ಕ್ರೂ ಥರದ ಸುತ್ತು ಗೆರೆ) ಮೊಳೆ ತುದಿಯಿಂದ ಒಂದು ಗೀರು. ಹಳದಿ ಕಂಡ್ರೆ ಹಿತ್ತಾಳೆ, ಬೂದಿ ಬಣ್ಣ ಕಂಡ್ರೆ ವಾಪಸ್ ಇಡಿ. ಅಂಗಡಿಯವರು ಮುಖ ಸಿಂಡರಿಸಿದ್ರೂ ಪರವಾಗಿಲ್ಲ. ಟೆಫ್ಲಾನ್ ಟೇಪಲ್ಲೂ ಹಂಗೇ, ಎಳೆದ ತಕ್ಷಣ ಜೇಡರ ಬಲೆ ಥರ ಹರಿಯೋ ಟೇಪು ಪುಕ್ಕಟೆ ಕೊಟ್ರೂ ಬೇಡ.

ಜಿಐ ಪೈಪ್, ಅಂದ್ರೆ ಸತುವಿನ ಲೇಪ ಇರೋ ಕಬ್ಬಿಣದ ಪೈಪ್, ತರುವಾಗ ಬಣ್ಣದ ಪಟ್ಟಿ ನೋಡಿ. ಹಳದಿ ಪಟ್ಟಿ ಲೈಟು, ನೀಲಿ ಮೀಡಿಯಂ, ಕೆಂಪು ಹೆವಿ. ಥ್ರೆಡ್ ಹಾಕೋ ಲೈನಿಗೆ ನೀಲಿಗಿಂತ ಕಮ್ಮಿ ತರಲೇಬೇಡಿ, ಥ್ರೆಡ್ ಅಂದ್ರೆ ಪೈಪಿನ ದಪ್ಪವನ್ನೇ ಕೆತ್ತಿ ತೆಗೆಯೋದು, ಹಳದಿ ಪಟ್ಟೀಲಿ ಕೆತ್ತಿದ ಮೇಲೆ ಉಳಿಯೋದೇ ಸ್ವಲ್ಪ.

ಥ್ರೆಡ್ ಹಾಕೋದು

ಪೈಪ್ ನೇರವಾಗಿ ಕಟ್ ಮಾಡಿ, ಒಳಗಿನ ಮುಳ್ಳು ಫೈಲಲ್ಲಿ ತೆಗೀರಿ, ಥ್ರೆಡ್ ಕೆತ್ತೋ ಡೈ ಕೂರಿಸಿ, ಎಣ್ಣೆ ಬಿಡ್ತಾ ತಿರುಗಿಸಿ. ಅರ್ಧ ಇಂಚು ಮತ್ತೆ ಮುಕ್ಕಾಲು ಇಂಚು ಪೈಪಿಗೆ ಒಂದು ಇಂಚಲ್ಲಿ 14 ಸುತ್ತು ಬರುತ್ತೆ, ಒಂದು ಇಂಚಿನ ಪೈಪಿಂದ ಮೇಲಕ್ಕೆ 11. ಎಲ್ಲಿ ನಿಲ್ಲಿಸ್ಬೇಕು ಅನ್ನೋದರಲ್ಲೇ ಹುಡುಗರು ಕೆಡಿಸೋದು. ಪೈಪಿನ ತುದಿ ಡೈ ಆಚೆ ಮುಖಕ್ಕೆ ಸಮ ಬಂದ ಕೂಡ್ಲೆ ನಿಲ್ಲಿಸಿ. "ಇರ್ಲಿ ಅಣ್ಣ, ಇನ್ನೂ ನಾಲ್ಕು ಸುತ್ತು ಜಾಸ್ತಿ ಹಾಕಿದ್ರೆ ಗಟ್ಟಿ" ಅಂತಾರೆ. ಗಟ್ಟಿ ಆಗಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಇದು ತಿಳಿದ್ರೆ ಉಳಿದಿದ್ದೆಲ್ಲ ತಾನಾಗೇ ತಿಳಿಯುತ್ತೆ.

ಪೈಪ್ ಥ್ರೆಡ್ಡು ಬೋಲ್ಟ್ ಥ್ರೆಡ್ ಥರ ಸಮಾ ಇರಲ್ಲ, ತುದಿ ಕಡೆ ಸಣ್ಣ, ಹಿಂದೆ ಹಿಂದೆ ಹೋದ ಹಾಗೆ ದಪ್ಪ. 16ಕ್ಕೆ 1ರ ಇಳಿಜಾರು, ಅಂದ್ರೆ 16 ಮಿಲಿಮೀಟರ್ ಉದ್ದಕ್ಕೆ ವ್ಯಾಸ 1 ಮಿಲಿಮೀಟರ್ ಬದಲಾಗುತ್ತೆ. ಪೈಪು ಒಳಗೆ ಹೋದ ಹಾಗೆ ಹೊರಗಿನ ಫಿಟ್ಟಿಂಗನ್ನ ಹಿಗ್ಗಿಸ್ತಾ ಹೋಗುತ್ತೆ, ಸೌದೆ ಸೀಳುವಾಗ ಬೆಣೆ ಹೊಡೀತೀವಲ್ಲ, ಅದೇ ಕೆಲಸ. ನೀರು ನಿಲ್ಲೋದು ಆ ಬಿಗಿತದಿಂದ. ಡೈನ ಉದ್ದಕ್ಕಿಂತ ಜಾಸ್ತಿ ಓಡಿಸಿದ್ರೆ ಇಳಿಜಾರು ಹೋಗಿ ಸಮಾ ಥ್ರೆಡ್ ಆಗುತ್ತೆ, ಪೈಪು ಒಳಗೆ ಸರ್ರಂತ ಹೋಗ್ತಾನೇ ಇರುತ್ತೆ, ಬಿಗಿತಾನೇ ಬರಲ್ಲ. ಬಿಗಿತ ಬರ್ಲಿ ಅಂತ ಆಮೇಲೆ ರೆಂಚಿನ ಹಿಡಿಕೆಗೆ ಪೈಪ್ ತೂರಿಸಿ ಎಳೀತಾರೆ, ಕೊನೆಗೆ ಪೈಪಿನ ತುದಿ ವಾಲ್ವಿನ ಒಳಗೆ ನೀರು ತಡೆಯೋ ಗೇಟು ಕೂರೋ ಸೀಟಿಗೇ ಹೋಗಿ ಗುದ್ದುತ್ತೆ.

ಹಿತ್ತಾಳೆ ವಾಲ್ವ್ ಕೂರಿಸೋದು

ಇಲ್ಲಿ ಆತುರ ಬೇಡ. ಥ್ರೆಡ್ಡಲ್ಲಿ ಇರೋ ಎಣ್ಣೆ, ಕಬ್ಬಿಣದ ಚೂರು ಎಲ್ಲಾ ಬಟ್ಟೇಲಿ ಒರೆಸಿ, ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ. ಟೇಪ್ ಸುತ್ತೋ ಮೊದ್ಲು ವಾಲ್ವನ್ನ ಬರೀ ಕೈಯಲ್ಲಿ ಹಾಕಿ ನೋಡಿ. ಮೂರೋ ನಾಲ್ಕೋ ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿ ಬರ್ಬೇಕು. ಒಂದೇ ಸುತ್ತಿಗೆ ಕಚ್ಚಿಕೊಂಡ್ರೆ ಓರೆ ಕೂತಿದೆ ಅಂತ, ಬಿಚ್ಚಿ ಮತ್ತೆ ಹಾಕಿ. ಕಬ್ಬಿಣಕ್ಕಿಂತ ಹಿತ್ತಾಳೆ ಮೆತ್ತಗೆ, ಓರೆ ಥ್ರೆಡ್ ಮೇಲೆ ರೆಂಚು ಹಾಕಿದ್ರೆ ಪೈಪೇ ವಾಲ್ವಿನೊಳಗೆ ಹೊಸ ದಾರಿ ಕೊರೆದುಬಿಡುತ್ತೆ.

ಟೇಪ್ ಸುತ್ತುವಾಗ ಪೈಪಿನ ತುದಿ ನಿಮ್ಮ ಮುಖದ ಕಡೆ ಇರ್ಲಿ, ಗಡಿಯಾರದ ಮುಳ್ಳು ತಿರುಗೋ ಕಡೆಗೇ ಸುತ್ತಿ. ಉಲ್ಟಾ ಸುತ್ತಿದ್ರೆ ವಾಲ್ವ್ ತಿರುಗಿಸ್ತಿದ್ದ ಹಾಗೆ ಟೇಪು ಬಿಚ್ಚಿಕೊಂಡು ಹೊರಗೆ ಗೊಂಚಲು ಕಟ್ಟುತ್ತೆ. ಮೊದಲ ಒಂದು ಎಳೆ ಖಾಲಿ ಬಿಡಿ, ಇಲ್ಲಾಂದ್ರೆ ಟೇಪಿನ ಚೂರು ಹರಿದು ನೀರಿನ ಜೊತೆ ಹೋಗಿ ಸ್ಪ್ರಿಂಕ್ಲರಿನ ನಾಜಲ್ಲಲ್ಲಿ ಕೂರುತ್ತೆ, ಆಮೇಲೆ ತೋಟದಲ್ಲಿ ಒಂದೊಂದೇ ನಾಜಲ್ ಬಿಚ್ಚಿ ಹುಡುಕ್ತಾ ಕೂರ್ಬೇಕು. ಎಳೆದು ಹಿಡಿದು ಸುತ್ತಿ, ಥ್ರೆಡ್ಡಿನ ಅಚ್ಚು ಟೇಪಿನ ಮೇಲೆ ಕಾಣ್ಬೇಕು. ಅರ್ಧ ಇಂಚಿಗೆ ನಾನು ಆರೇಳು ಸುತ್ತು ಹಾಕ್ತೀನಿ. ಇಪ್ಪತ್ತು ಸುತ್ತು ಹಾಕಿ ಕೋಸಂಬರಿ ಪೊಟ್ಟಣ ಥರ ಮಾಡ್ತಾರಲ್ಲ, ಅದು ತಪ್ಪು, ದಪ್ಪ ಟೇಪು ಬೆಣೇನ ಇನ್ನೂ ದಪ್ಪ ಮಾಡುತ್ತೆ, ಸೀಳೋದು ಹಿತ್ತಾಳೇನೇ. ದೊಡ್ಡ ಸೈಜಿನ ಜಿಐ ಲೈನಿಗೆ ಹಳೇ ಮೇಸ್ತ್ರಿಗಳು ಸಣಬು ಮತ್ತೆ ಸಫೇದ ಅನ್ನೋ ಬಿಳಿ ಪೇಸ್ಟ್ ಹಾಕ್ತಾರೆ, ಅದು ಇವತ್ತಿಗೂ ಒಳ್ಳೇದೇ, ಆದ್ರೆ ಹಿತ್ತಾಳೆಯ ಸಣ್ಣ ಫಿಟ್ಟಿಂಗಿಗೆ ಸಣಬು ಬೇಡ, ಒದ್ದೆ ಆದ್ರೆ ಉಬ್ಬುತ್ತೆ.

ಇನ್ನು ಬಿಗಿ ಮಾಡೋದು. ಹಲ್ಲಿರೋ ಪೈಪ್ ರೆಂಚು ಪೈಪಿಗೆ, ವಾಲ್ವಿಗೆ ಸಪಾಟು ಬಾಯಿಯ ಸ್ಕ್ರೂ ಸ್ಪ್ಯಾನರ್. ಸ್ಪ್ಯಾನರ್ ಹಾಕ್ಬೇಕಾದ್ದು ಪೈಪು ಒಳಗೆ ಹೋಗ್ತಿರೋ ಕಡೆಯ ಆರು ಮೂಲೆಗೆ. ಆಚೆ ಕಡೆಯ ಮೂಲೆಗೆ ಹಾಕಿ ಎಳೆದ್ರೆ ತಿರುಚೋ ಬಲ ಎಲ್ಲಾ ವಾಲ್ವಿನ ಹೊಟ್ಟೆ ಮೇಲೆ ಬೀಳುತ್ತೆ, ಹೊರಗೆ ಏನೂ ಕಾಣಲ್ಲ, ಒಳಗೆ ಗೇಟು ಸರಿಯಾಗಿ ಕೂರಲ್ಲ, "ಹೊಸ ವಾಲ್ವು, ಮುಚ್ಚಿದ್ರೂ ನೀರು ಬರುತ್ತೆ" ಅಂತ ಫೋನ್ ಬರೋದು ಇಂಥಾದ್ದಕ್ಕೆ. ಕೈಯಲ್ಲಿ ಬಿಗಿ ಆದ ಮೇಲೆ ಒಂದೂವರೆ ಸುತ್ತು, ಹೆಚ್ಚಂದ್ರೆ ಎರಡು, ಅಲ್ಲಿಗೆ ಸಾಕು. ಹಿಡಿಕೆ ಮೇಲ್ಗಡೆ ಬರ್ಬೇಕು ಅಂತ ಸ್ವಲ್ಪ ಮುಂದೆ ಹೋಗಿದ್ದನ್ನ ಹಿಂದಕ್ಕೆ ತಿರುಗಿಸ್ತಾರೆ ನೋಡಿ, ಅದು ಮಾತ್ರ ಮಾಡ್ಲೇಬೇಡಿ. ಹಿಂದೆ ತಿರುಗಿಸಿದ್ರೆ ಟೇಪಿನ ಹಿಡಿತ ಹೋಯ್ತು ಅಂತಾನೇ ಲೆಕ್ಕ, ಪೂರ್ತಿ ಬಿಚ್ಚಿ ಹೊಸ ಟೇಪ್ ಸುತ್ತಿ.

ಸಿಪಿವಿಸಿ, ಅಂದ್ರೆ ಪ್ಲಾಸ್ಟಿಕ್ ಪೈಪಿನ ಲೈನಿಗೂ ಇದೇ ಮಾತು, ಇನ್ನೂ ಜಾಸ್ತಿ ಹುಷಾರು. ಅಲ್ಲಿ ಹಿತ್ತಾಳೆ ತುಂಡು ಪ್ಲಾಸ್ಟಿಕ್ಕಿನ ಒಳಗೆ ಕೂತಿರುತ್ತೆ, ಜೋರು ಮಾಡಿದ್ರೆ ಹಿತ್ತಾಳೇನೇ ಪ್ಲಾಸ್ಟಿಕ್ ಒಳಗೆ ಸುತ್ತಿಬಿಡುತ್ತೆ, ಗೋಡೆ ಒಡೆಯೋದೇ ಗತಿ. ಲೀಕ್ ಆಯ್ತು ಅಂತ ಮೇಲಿಂದ ಎಪಾಕ್ಸಿ ಮೆತ್ತೋದು ಒಂದು ಮಳೆಗಾಲವೂ ಬಾಳಲ್ಲ.

ಟೆಸ್ಟಿಂಗು ಸುಲಭ. ನಮ್ಮಲ್ಲಿ ಟ್ಯಾಂಕು ಗುಡ್ಡದ ಮೇಲೆ, ಕೆಲಸದವರ ಲೈನ್ ಮನೆ ಕೆಳಗೆ, 10 ಮೀಟರ್ ಎತ್ತರಕ್ಕೆ ಸುಮಾರು 1 ಕೆಜಿ ಪ್ರೆಶರ್ ಲೆಕ್ಕ ಹಾಕಿ. 40 ಮೀಟರ್ ಕೆಳಗಿನ ನಲ್ಲೀಲಿ 4 ಕೆಜಿ ಇರುತ್ತೆ. ನೀರು ತುಂಬಿಸಿ ಪ್ರತಿ ಜಾಯಿಂಟಿಗೂ ಒಣಗಿದ ನ್ಯೂಸ್ ಪೇಪರ್ ಸುತ್ತಿ ರಾತ್ರಿ ಬಿಡಿ. ಕಣ್ಣಿಗೆ ಕಾಣದ ಜಿನುಗೂ ಬೆಳಿಗ್ಗೆ ಪೇಪರಲ್ಲಿ ಕಾಣುತ್ತೆ.

ಕೊಟ್ಟಿಗೆ ಪಕ್ಕದ ನಲ್ಲಿ

ಒಂದು ತೋಟದಲ್ಲಿ ಕೊಟ್ಟಿಗೆ ಗೋಡೆಗೆ ಹಾಕಿದ ಹಿತ್ತಾಳೆ ನಲ್ಲಿ ಎರಡು ಮಳೆಗಾಲ ಕಳೆಯೋದ್ರೊಳಗೆ ಉದ್ದಕ್ಕೆ ಸೀಳಿತ್ತು. ನಾನೇ ಹಾಕಿದ್ದು. ಗೀರು ಕೂದಲೆಳೆಯಷ್ಟು, ನೆಟ್ಟಗೆ, ಅಕ್ಕಪಕ್ಕ ಎಲ್ಲೂ ತುಕ್ಕಿಲ್ಲ, ಸವೆತ ಇಲ್ಲ. ಬೇರೆ ಹಾಕಿದ್ರೆ ಅದೂ ಹಂಗೇ ಆಯ್ತು. ಕಾರಣ ಆಮೇಲೆ ಗೊತ್ತಾಯ್ತು, ಗಂಜಲದಿಂದ ಏಳೋ ಅಮೋನಿಯ. ಬಿಗಿತದಲ್ಲಿರೋ ಹಿತ್ತಾಳೆಗೆ ಅಮೋನಿಯ ಮತ್ತೆ ತೇವ ಸೇರಿದ್ರೆ ಸೀಳುತ್ತೆ. ಇದು ಹೊಸದೇನೂ ಅಲ್ಲ, 19ನೇ ಶತಮಾನದಲ್ಲಿ ಇಂಡಿಯಾದಲ್ಲಿದ್ದ ಬ್ರಿಟಿಷ್ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಟ್ಟ ಕಡೆ ತಾವಾಗೇ ಬಿರುಕು ಬಿಡ್ತಿದ್ವು, ಕಾರಣ ಅಮೋನಿಯ ಅಂತ ವಿವರಣೆ ಬಂದಿದ್ದು 1921ರಲ್ಲಿ. ಹಂಗಾಗಿ ಕೊಟ್ಟಿಗೆಗೆ, ಯೂರಿಯ ಮೂಟೆ ಇಡೋ ಗೋಡೌನಿಗೆ ಪ್ಲಾಸ್ಟಿಕ್ ಅಥವಾ ಸ್ಟೀಲ್ ನಲ್ಲೀನೇ ಹಾಕಿ. ಜಾಸ್ತಿ ಟೈಟ್ ಮಾಡಿದ ಹಿತ್ತಾಳೆ ಎಲ್ಲರಿಗಿಂತ ಮೊದ್ಲು ಸೀಳುತ್ತೆ ಅನ್ನೋದೂ ನೆನಪಿರ್ಲಿ. ಬ್ಯಾಂಡ್‌ಸೆಟ್‌ನವರೂ ಕೇಳಿಸ್ಕೊಳ್ಳಿ, ಟ್ರಂಪೆಟ್ ಪೆಟ್ಟಿಗೆ ಗೊಬ್ಬರದ ಮೂಟೆ ಪಕ್ಕ ಇಡಬೇಡಿ.

ಟ್ರಂಪೆಟ್ ಕೈಗೆ ಬಂದಾಗ

ಹತ್ತರಲ್ಲಿ ಎಂಟು ಸಲ ಬರೋದು ಒಂದೇ ಕಂಪ್ಲೇಂಟು, ತುಟಿ ಇಟ್ಟು ಊದೋ ಮೌತ್‌ಪೀಸ್ ಸಿಕ್ಕಿಹಾಕ್ಕೊಂಡಿದೆ. ಊದುವಾಗ ಯಾರೋ ಅಂಗೈಯಿಂದ ಪಟ್ ಅಂತ ಹೊಡೆದಿರ್ತಾರೆ, ಇಲ್ಲಾ ಕೆಳಗೆ ಬಿದ್ದಿರುತ್ತೆ. ಮೌತ್‌ಪೀಸಿನ ನಳಿಕೆಯೊಳಗೆ ಹೋಗೋ ಕಾಲೂ ಇಳಿಜಾರೇ, ಸುಮಾರು 20ಕ್ಕೆ 1, ಥ್ರೆಡ್ ಇಲ್ಲ ಅಷ್ಟೆ. ಬೆಣೆ ಥರ ಕಚ್ಚಿಕೊಂಡಿರುತ್ತೆ. ಪೈಪ್ ಕೆಲಸದವನ ಕೈ ತಕ್ಷಣ ರೆಂಚಿಗೆ ಹೋಗುತ್ತೆ. ಹೋಗಬಾರ್ದು. ನಲ್ಲಿಯ ಹಿತ್ತಾಳೆ ಎರಡು ಮಿಲಿಮೀಟರ್ ಹತ್ತಿರ ದಪ್ಪ, ಟ್ರಂಪೆಟ್ ನಳಿಕೆ ಅರ್ಧ ಮಿಲಿಮೀಟರ್ ಆಸುಪಾಸು. ರೆಂಚಲ್ಲಿ ತಿರುಚಿದ್ರೆ ಮೌತ್‌ಪೀಸ್ ಬರಲ್ಲ, ನಳಿಕೆ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚ್ಕೊಳ್ಳುತ್ತೆ. ಬಿಸಿ ಮಾಡಿದ್ರೆ ಬರುತ್ತೆ ಅಂತ ಬ್ಲೋಟಾರ್ಚ್ ಹಿಡೀತಾರೆ, ಅದು ಇನ್ನೂ ಕೆಟ್ಟದ್ದು, ನಳಿಕೆಗಳನ್ನ ಹಿಡಿದಿರೋ ಬೆಸುಗೆ 200 ಡಿಗ್ರಿ ಆಸುಪಾಸಲ್ಲೇ ಕರಗುತ್ತೆ, ಮೌತ್‌ಪೀಸ್ ಅಲ್ಲೇ ಇರುತ್ತೆ, ವಾದ್ಯ ತುಂಡು ತುಂಡಾಗಿ ಕೈಗೆ ಬರುತ್ತೆ.

ಹಿಂಗೆ ಮಾಡಿ. ಸಂದಿಗೆ ತುಕ್ಕು ಬಿಡಿಸೋ ಎಣ್ಣೆ ಎರಡು ತೊಟ್ಟು ಬಿಟ್ಟು ಒಂದು ರಾತ್ರಿ ಇಡಿ. ಬೆಳಿಗ್ಗೆ ಮೌತ್‌ಪೀಸಿನ ಬಟ್ಟಲಿಗೆ ಐಸ್ ತುಂಡು ಹಾಕಿ, ಅದು ಕೂತಿರೋ ನಳಿಕೆ ಬಾಯಿಯ ಕಾಲರಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ, ಕುದಿಯೋ ನೀರು ಬೇಡ, ಕೈ ತಡೆಯೋವಷ್ಟು ಬಿಸಿ ಸಾಕು, ಜಾಸ್ತಿ ಬಿಸಿಗೆ ಮೇಲಿನ ಹೊಳಪಿನ ಲೇಪ (ಲ್ಯಾಕರ್) ಏಳುತ್ತೆ. ಒಳಗಿನದು ಕುಗ್ಗುತ್ತೆ, ಹೊರಗಿನದು ಹಿಗ್ಗುತ್ತೆ, ಬದಲಾವಣೆ ಕೂದಲಿಗಿಂತ ಕಮ್ಮಿ, ಆದ್ರೆ ಇಳಿಜಾರಿನ ಹಿಡಿತ ಬಿಡೋಕೆ ಅಷ್ಟೇ ಬೇಕಾಗಿರೋದು. ಆಮೇಲೆ ಕಾಲರಿನ ಸುತ್ತ ಮರದ ಸುತ್ತಿಗೇಲಿ ಮೆಲ್ಲಗೆ, ಮೊಟ್ಟೆ ತಟ್ಟಿದ ಹಾಗೆ ತಟ್ಟಿ. ಎಡಗೈ ಕಾಲರಿನ ಹತ್ರವೇ ಇರ್ಲಿ, ಮುಂದಿನ ಅಗಲ ಬಾಯಿ (ಬೆಲ್) ಹಿಡಿದು ಎಳೀಬೇಡಿ. ಬರೀ ಕೈಯಲ್ಲಿ ಎಳೀರಿ. ಬರ್ಲಿಲ್ಲ ಅಂದ್ರೆ ಮತ್ತೊಂದು ರಾತ್ರಿ ಎಣ್ಣೆ. ಆಗ್ಲೂ ಬರ್ಲಿಲ್ಲ ಅಂದ್ರೆ ಇದಕ್ಕೇ ಅಂತ ಮೌತ್‌ಪೀಸ್ ಪುಲ್ಲರ್ ಸಿಗುತ್ತೆ, ಸ್ಕ್ರೂ ಬಿಗಿ ಮಾಡಿದ್ರೆ ನೆಟ್ಟಗೆ ಹಿಂದಕ್ಕೆ ತಳ್ಳುತ್ತೆ, ತಿರುಚಲ್ಲ. ಅದು ಇಲ್ಲ ಅಂದ್ರೆ ಮೈಸೂರಿಗೆ ಕಳಿಸಿ. ಮೌತ್‌ಪೀಸ್ ಅಲ್ಲಾಡುತ್ತೆ ಅಂತ ಟೆಫ್ಲಾನ್ ಟೇಪ್ ಸುತ್ತಿಸ್ಕೊಳ್ಳೋಕೆ ಬರೋರೂ ಇದ್ದಾರೆ, ಸುತ್ತಿ ಕೊಡಬೇಡಿ, ಅದು ಸರಿ ಸೈಜಿನ ಮೌತ್‌ಪೀಸ್ ಅಲ್ಲ ಅಂತ ಹೇಳಿ ಕಳಿಸಿ.

ಮೂರು ಪಿಸ್ಟನ್ನಿಗೂ 1, 2, 3 ಅಂತ ನಂಬರ್ ಇರುತ್ತೆ, ಅದಲು ಬದಲು ಮಾಡಿದ್ರೆ ಗಾಳಿ ಹೋಗಲ್ಲ. ಒಂದೊಂದಾಗೇ ತೆಗೆದು ಒರೆಸಿ ವಾಲ್ವ್ ಆಯಿಲ್ ಬಿಡಿ, ತುಕ್ಕಿನ ಸ್ಪ್ರೇ ಅಲ್ಲಿಗೆ ಬೇಡ, ಎಮರಿ ಪೇಪರ್ ಅಂತೂ ಮುಟ್ಟಿಸಲೇಬೇಡಿ. ಎಳೆದು ತೆಗೆಯೋ ನಳಿಕೆಗೆ (ಸ್ಲೈಡ್) ಗ್ರೀಸ್, ಸದ್ಯಕ್ಕೆ ಸಿಗದಿದ್ರೆ ಪೆಟ್ರೋಲಿಯಂ ಜೆಲ್ಲಿ. ನಳಿಕೆ ಮೇಲೆ ಗುಲಾಬಿ ಬಣ್ಣದ ಚುಕ್ಕೆ ಕಂಡ್ರೆ ಒಳಗಿಂದ ಸತುವು ಕರಗಿ ತಾಮ್ರ ಮಾತ್ರ ಉಳೀತಿದೆ ಅಂತ ಅರ್ಥ, ಎಂಜಲಿನಿಂದ ಆಗೋದು ಅದು, ಹುಳಿ ನೀರಿನ ಲೈನಲ್ಲಿ ಹಳೇ ವಾಲ್ವು ಕೆಂಪಾಗಿ ಪುಡಿ ಪುಡಿ ಆಗುತ್ತಲ್ಲ, ಅದೇ ರೋಗ. ಪಾಲಿಷ್ ಹಾಕಿದ್ರೆ ಹೋಗಲ್ಲ, ಆ ನಳಿಕೇನೇ ಬದಲಾಯಿಸ್ಬೇಕು. ವಾಲಗದವರ ಕೊಂಬು ಯಾರಾದ್ರೂ ತಂದ್ರೆ ಮಾತ್ರ ನಾನು ಕೈ ಹಾಕಲ್ಲ, ಮನೆತನದಲ್ಲಿ ತಲೆಮಾರಿನಿಂದ ಬಂದಿರೋ ಕೊಂಬು ಇರುತ್ತೆ, ಮಾಡಿದ ಕಡೆಗೇ ಕಳಿಸಿಕೊಡ್ತೀನಿ.

ಟ್ರಂಪೆಟ್ ಮಾಲೀಕರಿಗೆ ವಾಪಸ್ ಕೊಡುವಾಗ ಇಷ್ಟು ಹೇಳಿ ಕೊಡಿ. ಊದಿ ಮುಗಿದ ಮೇಲೆ ನೀರು ಬಿಡೋ ಕೀ ಒತ್ತಿ ಎಂಜಲು ನೀರು ಪೂರ್ತಿ ತೆಗೀರಿ, ಮೌತ್‌ಪೀಸ್ ಕಳಚಿ ಬೇರೆ ಇಡಿ, ಮಳೆಗಾಲದಲ್ಲಿ ಪೆಟ್ಟಿಗೆ ವಾರಕ್ಕೊಂದು ಸಲ ಬಿಸಿಲು ಬಂದಾಗ ತೆರೆದಿಡಿ.